ಸೇಡರ್ ಊಟಕ್ಕೆ ಹರೋಸೆತ್ ಒಯ್ಯಬೇಕು, ಮಾಡಿ ಗೊತ್ತಿರುವವರು ಹೇಳಿ

ಎಡಿಸನ್ ಗೃಹಿಣಿ:
ಮಗಳ ಗೆಳತಿಯ ಮನೆಯಲ್ಲಿ ಏಪ್ರಿಲ್ 1, ಬುಧವಾರ ರಾತ್ರಿ ಪಾಸ್‌ಓವರ್ ಸೇಡರ್, ಅಂದರೆ ಯೆಹೂದ್ಯರ ಹಬ್ಬದ ವಿಧಿವತ್ತಾದ ಊಟ. ನಮ್ಮನ್ನೂ ಕರೆದಿದ್ದಾರೆ. ಏನು ತರಲಿ ಅಂತ ಬಾಯಿಮಾತಿಗೆ ಕೇಳಿದೆ. ‘ಹರೋಸೆತ್ ಮಾಡ್ಕೊಂಡು ಬನ್ನಿ’ ಅಂದೇಬಿಟ್ಟರು! ಒಟ್ಟು 14 ಜನ. ಪೂರ್ವ ಯುರೋಪ್ ಮೂಲದವರು, ಕಟ್ಟುನಿಟ್ಟು ಜಾಸ್ತಿ ಇಲ್ಲ. ಹರೋಸೆತ್ ಅಂದರೆ ಸೇಬು, ಅಕ್ರೋಟ್, ಚಕ್ಕೆಪುಡಿ, ಸಿಹಿ ವೈನ್ ಕಲಸಿ ಮಾಡೋ ಸಿಹಿ ಅನ್ನೋದು ಗೊತ್ತು. ಆದರೆ ಬರುವವರಲ್ಲಿ ಒಂದು ಮಗುವಿಗೆ ಅಕ್ರೋಟ್ ಆಗಲ್ಲ. ಅದರ ಬದಲು ಏನು ಹಾಕಲಿ? ಎಷ್ಟು ಸೇಬು ಬೇಕು? ಹಿಂದಿನ ದಿನವೇ ಮಾಡಿಡಬಹುದಾ?

ಬಾಸ್ಟನ್ ಭಟ್ರು:
ಮಾಡಲೇಬೇಡಿ. ಹೂವು ತಗೊಂಡು ಹೋಗಿ, ಸಾಕು.

ನನ್ನ ಕಥೆ ಕೇಳಿ. ಏಳು ವರ್ಷದ ಹಿಂದೆ ಆಫೀಸಿನ ಹಿರಿಯರೊಬ್ಬರ ಮನೆಗೆ ಕರೆದಿದ್ದರು. ಅವರು ಏನೂ ತರಲು ಹೇಳಿರಲಿಲ್ಲ. ನನ್ನದೇ ಅಧಿಕಪ್ರಸಂಗ. ಸೇಬು 11 ಡಾಲರ್, ಅಕ್ರೋಟ್ 14, ಹಬ್ಬಕ್ಕೆ ನಡೆಯುತ್ತೆ ಅನ್ನೋ ಚೀಟಿ ಇರುವ ವೈನ್ 7, ಹೊಸ ಗಾಜಿನ ಡಬ್ಬಿ 22. ಒಟ್ಟು 54 ಡಾಲರ್, ಪೆಟ್ರೋಲ್ ಬಿಟ್ಟು. ಮಿಕ್ಸಿಗೆ ಹಾಕಿದರೆ ಚಟ್ನಿ ಆಗುತ್ತೆ ಅಂತ ಹೆಂಡತಿ ಹೆದರಿಸಿದಳು. ಎರಡು ಗಂಟೆ ಕೂತು ಕೈಯಲ್ಲೇ ಹೆಚ್ಚಿದೆ. ಹೆಬ್ಬೆರಳಿನ ಗುರುತು ಇನ್ನೂ ಇದೆ.

ಬಾಗಿಲಲ್ಲಿ ಆ ಮನೆಯಾಕೆ ನಗುನಗುತ್ತಾ ಡಬ್ಬಿ ಇಸಕೊಂಡು ಸೀದಾ ಗ್ಯಾರೇಜಿನ ಫ್ರಿಜ್ಜಿಗೆ ಇಟ್ಟರು. ಊಟದ ಮೇಜಿಗೆ ಬರಲೇ ಇಲ್ಲ. ಆಮೇಲೆ ಸಹೋದ್ಯೋಗಿ ಬಿಡಿಸಿ ಹೇಳಿದ. ಸಾಮಾನೆಲ್ಲ ಕೋಷರ್, ಅಂದರೆ ಯೆಹೂದ್ಯರ ಆಹಾರ ನಿಯಮಕ್ಕೆ ಒಪ್ಪುವಂಥದು, ಆದರೆ ಸಾಲದು, ನಮ್ಮ ಅಡುಗೆಮನೆ ಆಗಬೇಕಲ್ಲ! ಈ ಹಬ್ಬದಲ್ಲಿ ಹುದುಗಿದ ಗೋಧಿಹಿಟ್ಟಿನ ಸೋಂಕೂ ಆಗಲ್ಲ, ವರ್ಷವಿಡೀ ಚಪಾತಿ ಲಟ್ಟಿಸುವ ಮನೆಯ ಚಾಕು, ಮಣೆ, ಬಟ್ಟಲು ಅವರಿಗೆ ಹೇಗೆ ನಡೆಯುತ್ತೆ? ಮೂರನೇ ದಿನ ಡಬ್ಬಿ ಮುಚ್ಚಳ ತೆಗೆಯದೆ ವಾಪಸ್ ಬಂತು. ಮೇಲಿನ ಪದರ ಗೇರುಬೀಜದ ಸಿಪ್ಪೆ ಬಣ್ಣಕ್ಕೆ ತಿರುಗಿತ್ತು. ಒಂದು ವಾರ ಮೊಸರನ್ನಕ್ಕೆ ನಂಚಿಕೊಂಡು ತಿಂದೆ.

ಮಂಗಳೂರು ಕುವರಿ:
ನಾನು ಇಸ್ರೇಲಿನ ರಮತ್ ಗನ್‌ನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ, ಒಂಬತ್ತನೇ ವರ್ಷ. ಅಜ್ಜಿ ಬಾಗ್ದಾದಿನವರು. ಇಲ್ಲಿ ಸೇಬು ಗೀಬು ಇಲ್ಲ. ಸಿಲಾನ್ ಅಂದರೆ ಖರ್ಜೂರದ ಪಾಕ, ಮೇಲೆ ಪುಡಿ ಮಾಡಿದ ಅಕ್ರೋಟ್. ಅಷ್ಟೇ. ಸೇಬಿನದು ಅಮೆರಿಕದವರ ಆಟ.

ಅಂಗಡಿಯ ಸಿಲಾನ್ ಅಜ್ಜಿಗೆ ಆಗಲ್ಲ, ಮನೆಯಲ್ಲೇ ಆಗಬೇಕು. ಎರಡು ಕಿಲೋ ಖರ್ಜೂರ ಬೀಜ ತೆಗೆದು ರಾತ್ರಿ ನೆನೆಹಾಕು, ಬೇಯಿಸು, ಬಿಳಿ ಬಟ್ಟೆಯಲ್ಲಿ ಕಟ್ಟಿ ಹಿಂಡು, ರಸವನ್ನು ಸಣ್ಣ ಉರಿಯಲ್ಲಿ ಇಂಗಿಸು. ಮೊದಲನೇ ವರ್ಷ ಮಗನಿಗೆ ವಿಡಿಯೋ ಕಾಲ್ ಮಾಡ್ತಾ ನಿಂತುಬಿಟ್ಟೆ. ತಳ ಹಿಡಿಯಿತು. 90 ಶೆಕೆಲ್ ಖರ್ಜೂರ ಹೋಯಿತು, ಪಾತ್ರೆ ಹೋಯಿತು. ಹೊಸ ಖರ್ಜೂರ ನನ್ನ ದುಡ್ಡಿನಲ್ಲೇ ತಂದೆ. ಯಾರೂ ಕೇಳಿರಲಿಲ್ಲ, ನನಗೇ ಮರ್ಯಾದೆ ಪ್ರಶ್ನೆ. ಕಳೆದ ವರ್ಷ ಸೇಡರ್ ಶನಿವಾರ ರಾತ್ರಿ ಬಿತ್ತು. ಶನಿವಾರ ಅವರ ವಿಶ್ರಾಂತಿಯ ದಿನ ಶಬ್ಬಾತ್, ಆವತ್ತು ಒಲೆ ಹಚ್ಚುವ ಹಾಗಿಲ್ಲ, ಅಕ್ರೋಟ್ ಪುಡಿ ಮಾಡುವ ಹಾಗೂ ಇಲ್ಲ. ಎಲ್ಲಾ ಶುಕ್ರವಾರವೇ ಮುಗಿಸಿದೆ.

ಇನ್ನೊಂದು ವರ್ಷ ಸೇಡರ್‌ನಲ್ಲಿ ಕುಡಿಯುವ ನಾಲ್ಕು ಬಟ್ಟಲಿನ ವೈನ್ ಬಾಟಲಿ ನಾನೇ ಬಿಚ್ಚಿ ಸುರಿದೆ. ಅಜ್ಜಿಯ ಅಳಿಯ ಏನೂ ಅನ್ನದೆ ಅಷ್ಟನ್ನೂ ಸಿಂಕಿಗೆ ಚೆಲ್ಲಿದ. ಯೆಹೂದ್ಯರಲ್ಲದವರು ಸುರಿದ ವೈನ್ ಅವನು ಕುಡಿಯಲ್ಲ. ಕಾಯಿಸಿದ ವೈನ್ ಆಗಿದ್ದರೆ ಅಡ್ಡಿ ಇಲ್ಲವಂತೆ, ಅದಕ್ಕೆ ಮೆವುಶಾಲ್ ಅಂತಾರೆ. ಅಜ್ಜಿ ಮಾತ್ರ ನನ್ನ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು.

ಒಗ್ಗರಣೆ:
ನಮ್ಮಜ್ಜಿಯ ಮಡಿ ನೆನಪಾಯ್ತು. ಎಲ್ಲಾ ಕಡೆ ಒಂದೇ ನೋಡಿ.

ಮಂಗಳೂರು ಕುವರಿ:
ಒಂದೇ ಅಲ್ಲ. ನಿಮ್ಮ ಮಡಿಯಲ್ಲಿ ನನ್ನನ್ನು ಅಡುಗೆಮನೆ ಹೊಸಿಲು ದಾಟಿಸ್ತಿದ್ರಾ? ಇಲ್ಲಿ ಆ ಅಡುಗೆಮನೆ ನನ್ನ ಕೈಯಲ್ಲೇ ಇದೆ.

ಬಾಸ್ಟನ್ ಭಟ್ರು:
ಸೇಬು ‘ಅಮೆರಿಕದವರ ಆಟ’ ಅಂದ್ರಲ್ಲ, ತಪ್ಪು. ಪೋಲೆಂಡ್, ರಷ್ಯಾದ ಚಳಿಯಲ್ಲಿ ಖರ್ಜೂರದ ಮರ ಬೆಳೆಯುತ್ತಾ? ಸೇಬು ಸಿಗ್ತಿತ್ತು, ಹಾಕಿದರು. ಯೆಹೂದ್ಯರ ಹಳೆಯ ಧರ್ಮಗ್ರಂಥ ತಲ್ಮೂದಿನಲ್ಲೇ ಎರಡು ಮಾತಿದೆ. ಒಬ್ಬ ರಬ್ಬಿ, ಅಂದರೆ ಧರ್ಮಗುರು, ಇದು ಸೇಬಿನ ಮರದ ನೆನಪಿಗೆ ಅಂತಾನೆ. ಇನ್ನೊಬ್ಬ ಈಜಿಪ್ಟಿನ ಗುಲಾಮಗಿರಿಯಲ್ಲಿ ಕಲಸಿದ ಗಾರೆಯ ನೆನಪಿಗೆ ಅಂತಾನೆ. ಅದಕ್ಕೇ ಹುಳಿಯೂ ಇರಲಿ, ಗಟ್ಟಿಯೂ ಇರಲಿ ಅಂತ ಅದೇ ಗ್ರಂಥದ ಅಬಯೆ ಅನ್ನೋ ಪಂಡಿತ ಹೇಳಿದ್ದು. ನಿಮ್ಮ ಪಾಕ ಗಟ್ಟಿ ಇರುತ್ತಾ?

ಮಂಗಳೂರು ಕುವರಿ:
ಬಂದು ನೋಡಿ, ಚಮಚ ನೆಟ್ಟಗೆ ನಿಲ್ಲುತ್ತೆ. ಗ್ಯಾರೇಜಿನ ಫ್ರಿಜ್ಜಲ್ಲಿ ಇಟ್ಟವರಿಂದ ನಾನು ಕಲೀಬೇಕಾ?

ಠಾಣೆ ಕನ್ನಡಿಗ:
ಜಗಳ ಬಿಡಿ. ಎಲ್ಲಕ್ಕಿಂತ ಒಳ್ಳೇದು ಮಲಿದಾ. ನಮ್ಮ ಕಟ್ಟಡದಲ್ಲಿ ಬೆನೆ ಇಸ್ರೇಲ್, ಅಂದರೆ ಮಹಾರಾಷ್ಟ್ರದ ಯೆಹೂದ್ಯರ ಮನೆ ಒಂದಿತ್ತು. ಅವರ ಹಿರಿಯರು ಕೊಂಕಣದಲ್ಲಿ ಗಾಣ ನಡೆಸುತ್ತಿದ್ದವರು. ಶನಿವಾರ ಗಾಣ ನಿಲ್ಲಿಸ್ತಿದ್ದರು, ಅದಕ್ಕೆ ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಅಂತ ಹೆಸರು. ಅವರು ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ಬಾದಾಮಿ, ಪಿಸ್ತಾ ಕಲಸಿ ಸುತ್ತ ಹಣ್ಣು ಜೋಡಿಸಿ, ಪ್ರವಾದಿ ಎಲಿಯಾಹುವಿನ ಹೆಸರು ಹೇಳಿ ಹಂಚುತ್ತಾರೆ. ನಮ್ಮ ಗೊಜ್ಜವಲಕ್ಕಿಯ ಸಿಹಿ ಅಕ್ಕ ಅನ್ನಿ. ನಾನು ಮೂರು ಸಲ ಮಾಡಿದ್ದೇನೆ. ಮೊದಲ ಸಲ ತೆಳು ಅವಲಕ್ಕಿ ತಂದು ಗಂಜಿ ಆಯ್ತು. ಗಟ್ಟಿ ಅವಲಕ್ಕಿಯೇ ಬೇಕು.

ಒಗ್ಗರಣೆ:
ಸ್ವಾಮೀ, ಪಾಸ್‌ಓವರ್‌ಗೆ ಅವಲಕ್ಕಿನಾ? ಅಕ್ಕಿ, ಬೇಳೆ, ಜೋಳ ಎಲ್ಲಾ ಕಿಟ್ನಿಯೋತ್. ಯುರೋಪ್ ಮೂಲದವರು ಆ ಎಂಟು ದಿನ ಮುಟ್ಟಲ್ಲ. ನಾನು ಇದರಲ್ಲೇ ಏಟು ತಿಂದವಳು. ಕೋಸಂಬರಿ ಒಯ್ದಿದ್ದೆ. ಹೆಸರುಬೇಳೆಗೆ ಒಂದು ಸಲ ಇಲ್ಲ ಅಂದರು. ಒಗ್ಗರಣೆಯ ಇಂಗಿಗೆ ಇನ್ನೊಂದು ಸಲ, ಡಬ್ಬಿಯ ಇಂಗಿನಲ್ಲಿ ಗೋಧಿಹಿಟ್ಟು ಬೆರೆಸಿರುತ್ತಾರಲ್ಲ. ಆವತ್ತಿಂದ ಈ ಹೆಸರು ಇಟ್ಟುಕೊಂಡೆ.

ಠಾಣೆ ಕನ್ನಡಿಗ:
ಬೆನೆ ಇಸ್ರೇಲರು ಪಾಸ್‌ಓವರ್‌ಗೂ ಅನ್ನ ಉಣ್ಣುತ್ತಾರೆ, ನಾನೇ ನೋಡಿದ್ದೇನೆ. 2015ರಲ್ಲಿ ಅಮೆರಿಕದ ಕನ್ಸರ್ವೇಟಿವ್ ಪಂಗಡದ ರಬ್ಬಿಗಳೂ ಕಿಟ್ನಿಯೋತ್ ತಿನ್ನಬಹುದು ಅಂದರು. ಸುಮ್ನೆ ಎಲ್ಲದಕ್ಕೂ ಬೇಡ ಬೇಡ ಅನ್ನಬೇಡಿ.

ಒಗ್ಗರಣೆ:
ರಬ್ಬಿ ಒಪ್ಪಿದರೂ ಆ ಮನೆಯ ಅಜ್ಜಿ ಒಪ್ಪಬೇಕಲ್ಲ. ಅವರು ಕೇಳಿದ್ದು ಹರೋಸೆತ್, ನೀವು ಕೊಡ್ತಿರೋದು ಅವಲಕ್ಕಿ.

ಕೋರಮಂಗಲ ರಾಯರು:
ಇಷ್ಟೆಲ್ಲಾ ಯಾಕೆ? ನಮ್ಮ ಬೇವು ಬೆಲ್ಲವೇ ಇದು. ಮಾರೋರ್ ಅನ್ನೋ ಕಹಿ ಸೊಪ್ಪು, ಬೇರನ್ನು ಸಿಹಿ ಹರೋಸೆತ್‌ಗೆ ಅದ್ದಿ ತಿನ್ನೋದು. ಯುಗಾದಿ ಮುಗಿದು ಹದಿಮೂರೇ ದಿನಕ್ಕೆ ಬಂದಿದೆ ನೋಡಿ.

ಬಾಸ್ಟನ್ ಭಟ್ರು:
ರಾಯರೇ, ಬೇವು ಬೆಲ್ಲ ವರ್ಷದ ಸುಖದುಃಖಕ್ಕೆ. ಇದು ಗುಲಾಮರು ಕಲಸಿದ ಗಾರೆ. ಮಾರೋರ್‌ಗೆ ಹಾಕೋ ಘಾಟಿನ ಬೇರು ಹಾರ್ಸ್‌ರ್ಯಾಡಿಶ್ ಒಂದು ಚಮಚ ತಿಂದು ಬನ್ನಿ, ಮೂಗಿನಿಂದ ನೀರು ಇಳಿದ ಮೇಲೆ ಮಾತಾಡೋಣ.

ಎಡಿಸನ್ ಗೃಹಿಣಿ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಆ ಮಗುವಿನ ಅಲರ್ಜಿ? ಎಷ್ಟು ಸೇಬು?

ಒಗ್ಗರಣೆ:
ಅಯ್ಯೋ ಹೌದು. 14 ಜನಕ್ಕೆ ಏಳು ಮಧ್ಯಮ ಸೇಬು ಸಾಕು. ಮಟ್ಜಾ ಅನ್ನೋ ಹುದುಗಿಸದ ರೊಟ್ಟಿ ಮೇಲೆ ಒಂದೆರಡು ಚಮಚ ಹಾಕ್ಕೊಳ್ತಾರೆ ಅಷ್ಟೇ. ಹಿಂದಿನ ದಿನ ಮಾಡಿ, ಸೇಬು ವೈನ್ ಅಥವಾ ದ್ರಾಕ್ಷಿ ರಸ ಹೀರಿದಷ್ಟೂ ರುಚಿ. ಕಪ್ಪಾಗದ ಹಾಗೆ ನಿಂಬೆರಸ ಹಿಂಡಿ. ಬರೀ ಅಕ್ರೋಟಾ, ಎಲ್ಲಾ ಬೀಜಗಳೂ ಆಗಲ್ವಾ ಅಂತ ಆ ತಾಯಿಗೇ ಫೋನ್ ಮಾಡಿ ಕೇಳಿ. ಅನುಮಾನ ಇದ್ದರೆ ಇಡೀ ಡಬ್ಬಿಗೇ ಬೀಜ ಹಾಕಬೇಡಿ, ಒಂದೇ ಚಮಚ ಎರಡು ಬಟ್ಟಲಿಗೂ ಹೋಗುತ್ತೆ. ಖರ್ಜೂರ ಸಣ್ಣಗೆ ಹೆಚ್ಚಿ ಹಾಕಿ. ಸೂರ್ಯಕಾಂತಿ ಬೀಜ, ಎಳ್ಳು ಹಾಕೋಕೆ ಹೋಗಬೇಡಿ, ಅವೂ ಕಿಟ್ನಿಯೋತ್ ಲೆಕ್ಕ.

ಠಾಣೆ ಕನ್ನಡಿಗ:
ಬೀಜ ಬಿಟ್ಟರೆ ಅದು ಹರೋಸೆತ್ತಾ? ಸೀಕರಣೆ ಅನ್ನಿ.

ಮಂಗಳೂರು ಕುವರಿ:
ಮಗುವಿನ ಜೀವಕ್ಕಿಂತ ನಿಮ್ಮ ಅಕ್ರೋಟ್ ದೊಡ್ಡದಾ? ನಾನು ಹೊರಟೆ. ಈ ಸಲದ ಖರ್ಜೂರ ಒಲೆ ಮೇಲಿದೆ, ಫೋನ್ ಪಕ್ಕಕ್ಕೆ ಇಡ್ತೀನಿ.