ಅಪ್‌ಡೇಟ್: 1550ಕ್ಕೆ ಬದಲಾಯಿಸಿದ ಮೇಲೆ ಕೈಕೊಟ್ಟ ಫೈಬರ್

ಹಿಂದೆ ಕೇಳಿದ್ದು ಇಷ್ಟೇ: ಮಡಿಕೇರಿ ಹತ್ತಿರ ನಮ್ಮ ಮನೆಯಿಂದ ತೋಟದ ಆಫೀಸಿಗೆ ಇಂಟರ್‌ನೆಟ್‌ಗೆ 2 ಕಿ.ಮೀ. ಸಿಂಗಲ್ ಮೋಡ್ ಫೈಬರ್ (ಬೆಳಕಿನಲ್ಲಿ ಡೇಟಾ ಒಯ್ಯುವ ಗಾಜಿನ ಎಳೆ) ಎಳೆದಿದ್ದೆ. 1310 ನ್ಯಾನೊಮೀಟರ್ ತರಂಗಾಂತರದ ಬೆಳಕು ಕಳಿಸುವ ಮಾಡ್ಯೂಲ್ ಚೆನ್ನಾಗಿಯೇ ಓಡುತ್ತಿತ್ತು. 1550ರಲ್ಲಿ ಬೆಳಕಿನ ನಷ್ಟ ಕಡಿಮೆ ಎಂದು ಓದಿ ಅದನ್ನೇ ಹಾಕಿದೆ. ಲಿಂಕ್ ಕಡಿದು ಕಡಿದು ಬರತೊಡಗಿತು.

"ಎಲ್ಲೋ ಬಿಗಿಯಾಗಿ ಬಾಗಿದೆ, ನೋಡಿ" ಎಂದವರಿಗೆ ಥ್ಯಾಂಕ್ಸ್. ಅದೇ ಆಗಿತ್ತು.

ಗೆಳೆಯನ ಒಟಿಡಿಆರ್ (ಫೈಬರ್‌ನಲ್ಲಿ ಎಲ್ಲಿ ಎಷ್ಟು ಬೆಳಕು ನಷ್ಟವಾಗುತ್ತದೆ ಎಂದು ಗ್ರಾಫ್‌ನಲ್ಲಿ ತೋರಿಸುವ ಯಂತ್ರ) ತಂದು ಎರಡೂ ತರಂಗಾಂತರದಲ್ಲಿ ನೋಡಿದೆವು. ಒಂದೇ ಜಾಗದಲ್ಲಿ 1310ರಲ್ಲಿ ಸಣ್ಣ ಮೆಟ್ಟಿಲು, 1550ರಲ್ಲಿ ಪ್ರಪಾತ! ಸುಮಾರು 22 ಡಿಬಿ (ಡೆಸಿಬಲ್, ನಷ್ಟದ ಅಳತೆ). ಮಳೆಯಲ್ಲಿ ಜಿಗಣೆ ಕೀಳುತ್ತಾ ಹೋದರೆ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಮೇಲಿನ ಜಾಯಿಂಟ್ ಡಬ್ಬಿ. ಒಳಗೆ ಮಿಕ್ಕ ಫೈಬರನ್ನು ಒಂದು ರೂಪಾಯಿ ನಾಣ್ಯದಷ್ಟು ಚಿಕ್ಕದಾಗಿ ನಾಲ್ಕು ಸುತ್ತು ಸುತ್ತಿ ತುರುಕಿತ್ತು. ತುರುಕಿದವನು ನಾನೇ, ಇನ್ಯಾರು!

ಓದಿದ್ದು ಸುಳ್ಳಲ್ಲ. ನೇರ ಫೈಬರ್‌ನಲ್ಲಿ 1310ಕ್ಕೆ ಕಿ.ಮೀ.ಗೆ ಸುಮಾರು 0.35 ಡಿಬಿ ಹೋದರೆ, 1550ಕ್ಕೆ 0.2 ಅಷ್ಟೇ. ಆದರೆ ತರಂಗಾಂತರ ಜಾಸ್ತಿಯಾದಷ್ಟೂ ಬೆಳಕು ಕೋರ್‌ನಿಂದ (ಫೈಬರ್‌ನ ನಡುವಿನ ಭಾಗ) ಆಚೆಗೆ ಹರಡಿಕೊಂಡು ಸಾಗುತ್ತದೆ. ಹಿಡಿತ ಸಡಿಲ. ತಿರುವಿನಲ್ಲಿ ಸುಲಭವಾಗಿ ಹೊರಗೆ ಸೋರುತ್ತದೆ. 1550 ಹಾಕಿದರೆ 2 ಕಿ.ಮೀ.ಗೆ ಉಳಿತಾಯ ಬರೀ 0.3 ಡಿಬಿ. ಅದಕ್ಕೆ ಇಷ್ಟು ಒದ್ದಾಟ ಬೇಕಿತ್ತಾ?

ಸುತ್ತು ಬಿಚ್ಚಿ ಅಂಗೈ ಅಗಲಕ್ಕೆ ಹಾಕಿದೆ. 1550 ಈಗ ಸರಾಗ. ಆದರೂ 1310ನ್ನೇ ವಾಪಸ್ ಹಾಕಿದ್ದೇನೆ. ಮುಂದಿನ ಸಲ ಮನೆ ಒಳಗಿನ ತುಂಡಿಗೆ ಬಾಗುವಿಕೆ ತಡೆಯುವ ಜಿ.657 ಫೈಬರ್ ತರುತ್ತೇನೆ.