ಮೇ ತಿಂಗಳಲ್ಲಿ ಬಾದಾಮಿಗೆ ಒಂದು ದಿನ: ಅವ್ವನ ಮೊಣಕಾಲು, ಮಗಳ ರಜೆ

ಪ್ರಶ್ನೆ (ವಿಜಯಪುರದಿಂದ)

ನಮಸ್ಕಾರ. ಮಗಳಿಗೆ ರಜೆ ಶುರುವಾಗಿದೆ. ಅವಳಿಗೆ 10 ವರ್ಷ, ನನ್ನ ಅವ್ವನಿಗೆ 68. ಮೂವರೂ ಸೇರಿ ಬಾದಾಮಿಗೆ ಹೋಗಿಬರಬೇಕೆಂದಿದ್ದೇವೆ. ಹೋದ ವರ್ಷ ಬಾಡಿಗೆ ಕಾರಿನವರು ಒಂದೇ ದಿನ ಐಹೊಳೆ, ಪಟ್ಟದಕಲ್ಲು, ಬಾದಾಮಿ ಮೂರನ್ನೂ ತೋರಿಸುತ್ತೇವೆಂದು ಕರೆದೊಯ್ದರು. ಬಾದಾಮಿ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಬಂಡೆ ರೊಟ್ಟಿ ಹಂಚಿನಂತೆ ಕಾದಿತ್ತು. ಅವ್ವ ಕಾರಿನಿಂದ ಇಳಿಯಲೇ ಇಲ್ಲ. ಮಗಳಿಗೆ ಇಂದು ಕೋತಿಗಳ ಹೊರತು ಬೇರೇನೂ ನೆನಪಿಲ್ಲ. ಈ ಸಲ ಓಡಾಟ ಬೇಡ. ಅವ್ವನಿಗೆ ಮೊಣಕಾಲು ನೋವು, ಹೆಚ್ಚು ಹತ್ತಲಾರಳು. ಬಿಸಿಲಿನಲ್ಲಿ ಇಡೀ ದಿನ ನೆಮ್ಮದಿಯಾಗಿ ಕಳೆಯಲು ಸಾಧ್ಯವೇ? ಬಲ್ಲವರು ತಿಳಿಸಿ.

ಉತ್ತರ (ನಿವೃತ್ತ ಶಿಕ್ಷಕ, ಬಾಗಲಕೋಟೆ)

ತಂಗಿ, ಖಂಡಿತ ಸಾಧ್ಯ. ಪ್ರತಿವರ್ಷ ಶಾಲೆಯ ಮಕ್ಕಳನ್ನು ಬಾದಾಮಿಗೆ ಕರೆದೊಯ್ಯುತ್ತಿದ್ದವನು ನಾನು. ಮೂರು ಊರುಗಳನ್ನು ಒಂದೇ ದಿನಕ್ಕೆ ತುರುಕುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೇಸಿಗೆಯಲ್ಲಿ ನೆರಳು ಎಲ್ಲಿದೆಯೋ ಅಲ್ಲಿ ನೀವಿರಬೇಕು, ಅಷ್ಟೇ.

ಗುಹೆಗಳ ಬಾಗಿಲು ತೆರೆಯುತ್ತಿದ್ದಂತೆ ಒಳಗೆ ಹೋಗಿ. ಅವ್ವನವರು ಮೊದಲ ಗುಹೆಯವರೆಗೆ ನಿಧಾನವಾಗಿ ಹತ್ತಿದರೆ ಸಾಕು. ಪಕ್ಕದಲ್ಲೇ 18 ಕೈಗಳ ನಟರಾಜನಿದ್ದಾನೆ. ಮಗಳಿಗೆ ಒಂದು ಕೆಲಸ ಕೊಡಿ: ಎಡಗೈಗಳಲ್ಲಿ ಒಂದು, ಬಲಗೈಗಳಲ್ಲಿ ಒಂದು ಆರಿಸಿಕೊಂಡು ಉಳಿದವನ್ನು ಮನಸ್ಸಿನಲ್ಲೇ ಮರೆಮಾಡಿ ನೋಡಲಿ. ಪ್ರತಿ ಸಲವೂ ಬೇರೆ ಭಂಗಿ ಕಾಣುತ್ತದೆ. ಒಂಬತ್ತೊಂಬತ್ತಲ 81 ಎಂಬ ಮಗ್ಗಿ ಅಲ್ಲಿ ನಿಂತು ಕಲಿತ ಮಕ್ಕಳು ನನ್ನಲ್ಲಿದ್ದರು. ಆಮೇಲೆ ನೀವಿಬ್ಬರೂ ಮೂರನೆಯ ಗುಹೆಗೆ ಹೋಗಿ. ಎಲ್ಲಕ್ಕಿಂತ ದೊಡ್ಡದು ಅದು, ಚಾಲುಕ್ಯರ ಮಂಗಳೇಶ ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಾಡಿಸಿದ್ದು; ಅಲ್ಲಿನ ಶಾಸನದ ವರ್ಷ ಕ್ರಿ.ಶ. 578. ತಿನ್ನುವುದನ್ನು ಕೈಯಲ್ಲಿ ಹಿಡಿಯಬೇಡಿ, ಕೋತಿಗಳು ಬಿಡುವುದಿಲ್ಲ.

ಬಿಸಿಲೇರುವ ಮೊದಲೇ ಇಳಿದು ಬನಶಂಕರಿಗೆ ಹೊರಡಿ, ಐದು ಕಿಲೋಮೀಟರ್ ದಾರಿ. ದೇವಿಯ ದರ್ಶನ ಮುಗಿಸಿ ಹೊರಬಂದರೆ ಬುಟ್ಟಿ ಹೊತ್ತ ತಾಯಂದಿರು ಊಟಕ್ಕೆ ಕರೆಯುತ್ತಾರೆ. ಜೋಳದ ರೊಟ್ಟಿ, ಜುಣಕ, ಕೆಂಪು ಖಾರ, ಗಟ್ಟಿ ಮೊಸರು. ಇದನ್ನು ಬಿಟ್ಟು ಹೋಟೆಲ್ ಹುಡುಕಬೇಡಿ.

ಸುಡುವ ಹೊತ್ತನ್ನು ಮಹಾಕೂಟದಲ್ಲಿ ಕಳೆಯಿರಿ. ನನ್ನ ಮಟ್ಟಿಗೆ ಈ ಸೀಮೆಯ ಬೇಸಿಗೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಗುಡ್ಡದ ಬುಡದಲ್ಲಿ ದಟ್ಟ ಮರಗಳು, ಗುಡಿಗಳ ನಡುವೆ ವಿಷ್ಣು ಪುಷ್ಕರಿಣಿ. ಊಟೆಯ ನೀರು, ತಂಪಾಗಿರುತ್ತದೆ. ಅವ್ವನವರು ಮೆಟ್ಟಿಲ ಮೇಲೆ ಕುಳಿತು ಕಾಲು ಇಳಿಬಿಡಲಿ. ಹುಡುಗರು ಧುಮುಕುವುದನ್ನು ನೋಡುತ್ತಲೇ ಎರಡು ತಾಸು ಹೋಗಿಬಿಡುತ್ತವೆ. ಮಗಳು ನೀರಿಗಿಳಿದರೆ ನೀವು ಪಕ್ಕದಲ್ಲೇ ಇರಿ.

ನಾಲ್ಕೂವರೆಗೆ ಬಾದಾಮಿಗೆ ಮರಳಿ ಅಗಸ್ತ್ಯ ತೀರ್ಥದ ದಂಡೆಗೆ ಬನ್ನಿ. ವಸ್ತುಸಂಗ್ರಹಾಲಯದ ಕಡೆಯಿಂದ ಭೂತನಾಥನ ಗುಡಿಗೆ ದಂಡೆಯ ಮೇಲೇ ದಾರಿಯಿದೆ, ಬೆಟ್ಟ ಹತ್ತುವ ಕಷ್ಟವಿಲ್ಲ. ಸಂಜೆಯ ಬಿಸಿಲು ನೇರವಾಗಿ ಆ ಗುಡಿಯ ಮೇಲೆ ಬೀಳುತ್ತದೆ. ಕೆರೆಯ ಈಶಾನ್ಯಕ್ಕಿರುವ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಕನ್ನಡದ ಬಹು ಹಳೆಯ ತ್ರಿಪದಿ. ಅಲ್ಲಿಗೆ ಹತ್ತಬೇಡಿ, ಕೆಳಗೆ ಕುಳಿತೇ ಮಗಳಿಗೆ ಹೇಳಿ.

ಉತ್ತರ (ಗುಳೇದಗುಡ್ಡದಿಂದ)

ಅಕ್ಕಾ, ಗುರುಗಳು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮರಳುವಾಗ ಗುಳೇದಗುಡ್ಡದ ಮೇಲೆ ಬನ್ನಿ. ನಮ್ಮ ಮನೆಯಲ್ಲಿ ಮೂರು ತಲೆಮಾರು ಖಣ ನೇಯ್ದಿದ್ದಾರೆ. ಈಗ ಮಗ್ಗದ ಸದ್ದು ಮೊದಲಿನಷ್ಟು ಕೇಳಿಸುವುದಿಲ್ಲ. ಅವ್ವನವರಿಗೆ ಒಂದು ಕುಪ್ಪಸದ ಖಣ ಕೊಂಡುಕೊಳ್ಳಿ. ಕೈಮಗ್ಗದ್ದೇ ಬೇಕೆಂದು ಕೇಳಿ ಪಡೆಯಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಗುರುಗಳೇ, ನಿಮ್ಮ ಉತ್ತರವನ್ನು ಅವ್ವನಿಗೆ ಓದಿ ಹೇಳಿದೆ. ಮದುವೆಯಾದ ಹೊಸತರಲ್ಲಿ ಅಪ್ಪನೊಂದಿಗೆ ಮಹಾಕೂಟದ ಹೊಂಡದಲ್ಲಿ ಮಿಂದಿದ್ದಳಂತೆ. ಇಷ್ಟು ವರ್ಷ ನನಗೆ ಹೇಳಿರಲೇ ಇಲ್ಲ. ಈಗ ಅಲ್ಲಿಗೇ ಮೊದಲು ಹೋಗೋಣ ಎನ್ನುತ್ತಿದ್ದಾಳೆ.

ಉತ್ತರ (ನಿವೃತ್ತ ಶಿಕ್ಷಕ)

ಹಾಗಾದರೆ ಅವರ ಮಾತೇ ನಡೆಯಲಿ, ತಂಗಿ. ಬೆಳಗ್ಗೆ ಮಹಾಕೂಟ, ಸಂಜೆ ಭೂತನಾಥ. ಗುಹೆ ಬಿಟ್ಟುಹೋದರೂ ಚಿಂತೆಯಿಲ್ಲ. ಹೊರಡುವ ಮುನ್ನ ಇನ್ನೊಂದು ಕೆಲಸ ಮಾಡಿ. ಮಹಾಕೂಟದಲ್ಲಿದ್ದ ಮಂಗಳೇಶನ ಶಾಸನಕಂಬ ಈಗ ನಿಮ್ಮ ಊರಿನಲ್ಲೇ, ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ದುರ್ಲಭದೇವಿ ಎಂಬ ರಾಣಿ ಮಹಾಕೂಟದ ದೇವರಿಗೆ ಹತ್ತು ಊರುಗಳನ್ನು ಬಿಟ್ಟದ್ದನ್ನು ಅದರಲ್ಲಿ ಬರೆದಿದೆ. ಅದನ್ನು ಮಗಳಿಗೆ ತೋರಿಸಿಯೇ ಹೊರಡಿ. ಶುಕ್ರವಾರ ಮಾತ್ರ ಹೋಗಬೇಡಿ, ರಜೆ ಇರುತ್ತದೆ.