ಓದುಗರ ಸ್ಪಂದನ: ಪಟ್ಟಿಯಲ್ಲಿ ಹೆಸರಿದೆ, ಆದೇಶ ಬಂದಿಲ್ಲ

ಪ್ರಾಂಶುಪಾಲ ಹುದ್ದೆಗೆ ಆಯ್ಕೆಯಾಗಿಯೂ ನೇಮಕದ ಆದೇಶ ಸಿಗದ ಓದುಗರೊಬ್ಬರ ಪತ್ರವನ್ನು ಹಿಂದಿನ ಸಂಚಿಕೆಯಲ್ಲಿ ಹಾಕಿದ್ದೆವು. ಪಟ್ಟಿಯನ್ನು ಪ್ರಶ್ನಿಸಿ ಕೇಸು ಹಾಕಿದವರು ಅದೇ ಸ್ಟಾಫ್‌ರೂಮಿನ ಹಿರಿಯ ಸಹೋದ್ಯೋಗಿ. ಅವರನ್ನು ಶತ್ರು ಎಂದೇ ಕರೆದಿದ್ದ ಪತ್ರ ಬರೆದವರು, ‘ಸುಮ್ನೆ ಕಾಯಲಾ, ನಾನೂ ಕೋರ್ಟಿಗೆ ಹೋಗಲಾ?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಅಧ್ಯಾಪಕಿ, ಶಿವಮೊಗ್ಗ

ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನನಗೂ ಹೀಗೇ ಆಗಿತ್ತು. ಆಯ್ಕೆ ಸಮಿತಿ ನನ್ನ ಹೆಸರು ಶಿಫಾರಸು ಮಾಡಿತ್ತು, ಮನೆಯಲ್ಲಿ ಹೋಳಿಗೆನೂ ಆಯ್ತು, ನಾಲ್ಕನೇ ದಿನಕ್ಕೆ ತಡೆಯಾಜ್ಞೆ ಬಂತು. ಅರ್ಜಿ ಹಾಕಿದವಳು ಹದಿನೈದು ವರ್ಷ ನನ್ನ ಜೊತೆ ಒಂದೇ ಡಬ್ಬಿಯಲ್ಲಿ ಊಟ ಮಾಡಿದವಳು. ಅವತ್ತಿನಿಂದ ಅವಳು ಕಿಟಕಿ ಪಕ್ಕ, ನಾನು ಬಾಗಿಲ ಪಕ್ಕ. ನಾನು ‘ಪ್ರಭಾರ’ ಅಂತ ಬರೆದು ಸಹಿ ಹಾಕುತ್ತಾ ಕಾಲೇಜು ನಡೆಸಿದೆ. ಸಂಬಳ ಅಧ್ಯಾಪಕಿಯದ್ದೇ. ವಾಯಿದೆ ಮೇಲೆ ವಾಯಿದೆ ಬಿದ್ದು, ತೀರ್ಪು ಬರುವಷ್ಟರಲ್ಲಿ ಇಬ್ಬರೂ ನಿವೃತ್ತರಾಗಿದ್ದೆವು. ಆ ಕೊಠಡಿಯ ಗೋಡೆಯಲ್ಲಿ ಪ್ರಾಂಶುಪಾಲರ ಹೆಸರು ಬರೆದ ಮರದ ಹಲಗೆ ಇದೆ. ನನಗಿಂತ ಮುಂಚಿನವರ ಹೆಸರಿದೆ, ಆಮೇಲೆ ಬಂದವರದ್ದೂ ಇದೆ, ನನ್ನದಿಲ್ಲ. ಅದಕ್ಕಿಂತ ಜಾಸ್ತಿ ನೋವು ಯಾವುದು ಗೊತ್ತಾ? ಅವಳ ಗಂಡ ತೀರಿಕೊಂಡಾಗ ನಾನು ಹೋಗಲಿಲ್ಲ. ಕೋರ್ಟಿಗೆ ಹೋಗಿ, ಖಂಡಿತ ಹೋಗಿ. ಆದರೆ ನಾಳೆ ಬೆಳಿಗ್ಗೆ ಅವರನ್ನು ಮಾತಾಡಿಸಿ.

ಮೈಸೂರಿನಿಂದ

ಕೇಸು ಹಾಕಿದವರನ್ನು ಶತ್ರು ಅಂತ ಬರೆದಿದ್ದೀರಿ. ಪ್ರಾಂಶುಪಾಲರಾಗಲು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮ ಕನಿಷ್ಠ 10 ಸಂಶೋಧನಾ ಪ್ರಕಟಣೆ, 110 ಸಂಶೋಧನಾ ಅಂಕ ಕೇಳುತ್ತದೆ. ಅವರ ಅಂಕ ತಪ್ಪಾಗಿ ಎಣಿಸಿದ್ದರೆ ಅವರು ಯಾರನ್ನು ಕೇಳಬೇಕಿತ್ತು?

*ಮಾತು ಖಾರವಾಗಿದೆ, ಆದರೂ ಪ್ರಶ್ನೆ ನ್ಯಾಯವಾದದ್ದು. ಕಾನೂನಿನ ದಾರಿಯನ್ನು ಇನ್ನೊಬ್ಬರು ಬಿಡಿಸಿ ಬರೆದಿದ್ದಾರೆ.*

ವಕೀಲರೊಬ್ಬರು, ಧಾರವಾಡ

ಶಿಫಾರಸು ಬೇರೆ, ನೇಮಕ ಬೇರೆ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹುದ್ದೆಯ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1991ರಲ್ಲೇ ಶಂಕರ್ಸನ್ ದಾಸ್ ಪ್ರಕರಣದಲ್ಲಿ ಹೇಳಿದೆ. ಅದೇ ತೀರ್ಪು, ಸರ್ಕಾರ ಮನಸ್ಸಿಗೆ ಬಂದ ಹಾಗೆ ಹುದ್ದೆ ಖಾಲಿ ಬಿಡುವಂತಿಲ್ಲ, ತಕ್ಕ ಕಾರಣ ಬೇಕು ಅಂತಲೂ ಹೇಳುತ್ತದೆ. ನೀವು ಹಿಡಿಯಬೇಕಾದದ್ದು ಈ ಎರಡನೇ ಮಾತನ್ನು. ಆ ಕೇಸಿನಲ್ಲಿ ನಿಮ್ಮನ್ನು ಪ್ರತಿವಾದಿ ಮಾಡಿದ್ದಾರಾ, ಮೊದಲು ನೋಡಿ. ಇಲ್ಲದಿದ್ದರೆ ಸೇರಿಸಿಕೊಳ್ಳಿ ಎಂದು ಇವತ್ತೇ ಅರ್ಜಿ ಹಾಕಿ. ಸರ್ಕಾರಿ ಕಾಲೇಜಾದರೆ ಮೊದಲು ಕೆಎಟಿ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ), ಆಮೇಲೆ ಹೈಕೋರ್ಟು. ಮುಂದಿನ ಹಂತಕ್ಕೆ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮನವಿ) ಹಾಕಿಡಿ, ಅದು 90 ದಿನ ಮಾತ್ರ ನಡೆಯುತ್ತದೆ, ತಾರೀಖು ಬರೆದಿಟ್ಟುಕೊಳ್ಳಿ.

ವಾರಾಣಸಿಯಲ್ಲಿರುವ ಕನ್ನಡಿಗ

ಇಲ್ಲಿ ಉತ್ತರ ಪ್ರದೇಶದಲ್ಲಿ ಅನುದಾನಿತ ಕಾಲೇಜುಗಳಿಗೆ ರಾಜ್ಯದ ಉನ್ನತ ಶಿಕ್ಷಣ ಸೇವಾ ಆಯೋಗವೇ ಪ್ರಾಂಶುಪಾಲರನ್ನು ಆರಿಸಿ ಕಳಿಸುತ್ತಿತ್ತು. 1980ರ ಕಾಯ್ದೆಯ ಪ್ರಕಾರ, ಉನ್ನತ ಶಿಕ್ಷಣ ನಿರ್ದೇಶಕರಿಂದ ಹೆಸರು ಬಂದ ಒಂದು ತಿಂಗಳೊಳಗೆ ಆಡಳಿತ ಮಂಡಳಿ ನೇಮಕ ಪತ್ರ ಕೊಡಬೇಕಿತ್ತು. ಈಗ ಅದರ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ. ನಮ್ಮ ಕಡೆಯೂ ಹೀಗೆ ಗಡುವು ಹಾಕಬಾರದಾ?

ಮಂಗಳೂರಿನಿಂದ

ನಿಮ್ಮದು ಅಲ್ಪಸಂಖ್ಯಾತರ ಕಾಲೇಜಾ? ಹಾಗಿದ್ದರೆ ಲೆಕ್ಕ ಬೇರೆ. ಪ್ರಾಂಶುಪಾಲರ ಆಯ್ಕೆ ಅಂಥ ಆಡಳಿತ ಮಂಡಳಿಯ ಹಕ್ಕು, ಅವರು ಸೀನಿಯಾರಿಟಿ ನೋಡಲೇಬೇಕಿಲ್ಲ, ಅರ್ಹತೆ ಇರುವವರನ್ನು ಆರಿಸಿದರೆ ಸಾಕು ಎಂದು 2006ರಲ್ಲಿ ಮಲಂಕರ ಸಿರಿಯನ್ ಕ್ಯಾಥೊಲಿಕ್ ಕಾಲೇಜಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಮದರಸಾಗಳಿಗೆ ಶಿಕ್ಷಕರನ್ನು ಆಡಳಿತ ಮಂಡಳಿಯ ಬದಲು ಆಯೋಗವೇ ಆರಿಸುವ ಪಶ್ಚಿಮ ಬಂಗಾಳದ ಕಾಯ್ದೆಯನ್ನು 2020ರಲ್ಲಿ ಅದೇ ಕೋರ್ಟ್ ಎತ್ತಿಹಿಡಿಯಿತು. ಎರಡನ್ನೂ ನಿಮ್ಮ ವಕೀಲರಿಗೆ ತೋರಿಸಿ.

*ಪತ್ರ ಬರೆದವರದ್ದು ಸರ್ಕಾರಿ ಕಾಲೇಜು. ಬೇರೆ ಓದುಗರಿಗೆ ಉಪಯೋಗವಾದೀತೆಂದು ಇದನ್ನು ಉಳಿಸಿಕೊಂಡೆವು. ಕೊನೆಯ ಪತ್ರ ಯಾರ ಪರವಾಗಿಯೂ ಇಲ್ಲ.*

ತಾಯಿಯೊಬ್ಬರು, ಹಾವೇರಿ ಜಿಲ್ಲೆ

ಮಗಳ ಕಾಲೇಜಿನಲ್ಲೂ ಹೀಗೇ ಕೇಸಿದೆ. ಪ್ರಭಾರದವರು ವಾಯಿದೆಗೆ ಅಂತ ಬೆಂಗಳೂರಿಗೆ ಹೋಗಿರುತ್ತಾರೆ, ಇನ್ನೊಬ್ಬರು ‘ನನಗೆ ಸಹಿ ಮಾಡುವ ಅಧಿಕಾರ ಇಲ್ಲಮ್ಮ’ ಅನ್ನುತ್ತಾರೆ. ಟಿಸಿಗೆ ಮೂರು ಸಲ ಬಸ್ಸಿನಲ್ಲಿ ಹೋಗಿ ಬಂದೆವು. ಬಿ.ಎಡ್. ಸೀಟಿಗೆ ಶುಕ್ರವಾರ ಕೊನೇ ದಿನ.